ಮ್ಯಾನೇಜರ್ ಸಾಹೇಬರ ಷಡ್ಜ

ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆ ಕೆಡಿಸಿಕೊಳ್ಳುತ್ತವೆ ಎಂದು ಹೆದರಿದ ಅಮೆರಿಕ ನನ್ನಂಥವನನ್ನೂ ಬಾಸ್ಕಿಂಗ್ ರಿಡ್ಜ್ ಎಂಬ ಊರಿಗೆ ಕರೆಸಿಕೊಂಡಿತ್ತು. ಅಲ್ಲಿ ನನ್ನ ಕೋಡಿಗಿಂತ ಹೆಸರಾದದ್ದು ನನ್ನ ಮಿಮಿಕ್ರಿ. ಒಂದು ಮಧ್ಯಾಹ್ನ ಕೆಫೆಟೇರಿಯಾದಲ್ಲಿ, ನಮ್ಮ ಅಮೆರಿಕನ್ ಮ್ಯಾನೇಜರ್ ಹಾಡುವುದನ್ನು ಅಣಕಿಸುತ್ತಿದ್ದೆ. ಕಣ್ಣು ಮುಚ್ಚಿ, ಕತ್ತು ಚಾಚಿ, ಮೇಲೆ ಹೋಗಬೇಕಾದಲ್ಲಿ ಅರ್ಧದಲ್ಲೇ ಜಾರುವುದು. ನಗುತ್ತಿದ್ದವರೆಲ್ಲ ಇದ್ದಕ್ಕಿದ್ದಂತೆ ತಟ್ಟೆ ನೋಡತೊಡಗಿದರು. ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಬೇಕಿರಲಿಲ್ಲ.

"ನಿಜವಾಗ್ಲೂ ಅಷ್ಟು ಕೆಟ್ಟದಾಗಿ ಹಾಡ್ತೀನಾ?" ಎಂದರು ಮ್ಯಾನೇಜರ್.

"ಇಲ್ಲ, ನಾನು ಸ್ವಲ್ಪ ಇಂಪ್ರೂವ್ ಮಾಡಿದ್ದೆ," ಎಂದೆ. ಹೆದರಿಕೆಯಲ್ಲಿ ನನ್ನ ನಾಲಿಗೆ ನಿಜವನ್ನೇ ಹೇಳುತ್ತದೆ.

ಬೈಯಲಿಲ್ಲ. ಪಾರ್ಕಿಂಗ್ ಲಾಟಿಗೆ ಕರೆದೊಯ್ದು ಸಂಕಟ ತೋಡಿಕೊಂಡರು. ಕಾಲೇಜಿನ ಗೆಳೆಯರ ಬ್ಯಾಂಡು, ಅದರಲ್ಲಿ ಹಾಡುವವರು ಇವರು; ಅವರ ಹರೆಯದ ಅಮಲಿನ ಕಾಲದ ಒಂದು ಪ್ರಸಿದ್ಧ ರಾಕ್ ಹಾಡು. ಅದನ್ನು ಬೇಸ್‌ಮೆಂಟಿನಲ್ಲಿ ರೆಕಾರ್ಡ್ ಮಾಡಬೇಕು. ಈ ಸಲವೂ ಶ್ರುತಿ ತಪ್ಪಿದರೆ ಇನ್ನು ಮುಂದೆ ಡ್ರಮ್ಮರ್ ಹಾಡುತ್ತಾನೆ ಎಂದು ಉಳಿದವರ ತೀರ್ಮಾನ. ತಪ್ಪನ್ನು ಅಷ್ಟು ಸರಿಯಾಗಿ ಹಿಡಿದ ನಾನೇ ಅದನ್ನು ತಿದ್ದಿಕೊಡಬೇಕಂತೆ. ಹಾಡಿನ ಅರ್ಥವನ್ನೂ ವಿವರಿಸಿದರು: ಮನಸ್ಸನ್ನು ಖಾಲಿ ಮಾಡಬೇಕು, 'ನಾನು' ಎಂಬುದು ಕರಗಬೇಕು. ಅದೇ ಉಸಿರಿನಲ್ಲಿ, ಸತ್ತರೂ ಆ ಡ್ರಮ್ಮರ್‌ಗೆ ಹಾಡು ಬಿಟ್ಟುಕೊಡುವುದಿಲ್ಲ ಎಂದರು. ನಾನು ತಲೆಯಾಡಿಸಿದೆ. ಕರಗುವುದಕ್ಕೂ ಒಂದು ಸರದಿ ಇರುತ್ತದೆ, ಮೊದಲು ಡ್ರಮ್ಮರಿನದು.

ಮೂಲ ಹಾಡಿನಲ್ಲಿ ದನಿಯನ್ನು ಆರ್ಗನ್ನಿನ ತಿರುಗುವ ಸ್ಪೀಕರಿನೊಳಗೆ ಹಾಯಿಸಿ, ಬೆಟ್ಟದ ಮೇಲಿಂದ ಸನ್ಯಾಸಿ ಕೂಗಿದಂತೆ ಮಾಡಿದ್ದರಂತೆ. ನಮ್ಮಲ್ಲಿ ಅದಿರಲಿಲ್ಲ. ಟೇಬಲ್ ಫ್ಯಾನಿನ ಮುಂದೆ 'ಆ' ಎಂದು ಕೂಗಿ ಬೆಳೆದವನು ನಾನು, ಫ್ಯಾನ್ ಇಡಿಸಿದೆ. ಅಪಸ್ವರ ಗಿರಗಿರನೆ ತಿರುಗಿ ಬಂತು, ಅಷ್ಟೇ.

ಹಾಡಿನ ಉದ್ದಕ್ಕೂ ಒಂದು ತಂಬೂರಿಯ ನಾದವಿತ್ತು. ಭಾರತೀಯನಾದ ನಾನು ಅದನ್ನು ಒದಗಿಸಬೇಕು. ಮೂಗಿನಿಂದ ಪ್ರಯತ್ನಿಸಿದೆ, ಒಂದು ಉಸಿರಿಗೆ ಮುಗಿಯಿತು. ಕೊನೆಗೆ ವೆಸ್ಟ್ ವಿಂಡ್ಸರ್‌ನಲ್ಲಿದ್ದ, ನನಗೆ ಪರಿಚಯದ ಒಬ್ಬ ಆಂಟಿಯನ್ನು ಕರೆತಂದೆ. ಧಾರವಾಡದವರು, ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್, ಭಾನುವಾರ ಮನೆಯಲ್ಲಿ ಹಿಂದೂಸ್ತಾನಿ ಸಂಗೀತ ಹೇಳಿಕೊಡುವವರು. ಬೆಂಗಳೂರಿನ ಎಲೆಕ್ಟ್ರಾನಿಕ್ ತಂಬೂರಿಯನ್ನು ಅವರು ಹಿಡಿದರು. ಅದಕ್ಕೆ ಬೇಕಾದ, ಇಟ್ಟಿಗೆಯಷ್ಟು ಭಾರದ ವೋಲ್ಟೇಜ್ ಕನ್ವರ್ಟರನ್ನು ನಾನು ಹೊತ್ತೆ.

ಮೂಲ ಹಾಡಿನ ಟೇಪು ಕೇಳಿದ ಆಂಟಿ, "ತಂಬೂರಿ ಎಲ್ಲಿ ಇಟ್ಟಾರ ನೋಡು, ಡ್ರಮ್ಮಿನ ಹಿಂದ. ದೇವರನ್ನ ಹಿತ್ತಲದಾಗ ಕೂಡಿಸಿದಂಗ," ಎಂದರು. ಆ ನಾದದ ಅರ್ಥ ಬ್ರಹ್ಮಾಂಡವೇ ಎಂದು ಮ್ಯಾನೇಜರ್ ಭಕ್ತಿಯಿಂದ ವಿಚಾರಿಸಿದರು.

"ಅರ್ಥ ಏನೂ ಇಲ್ಲಪಾ. ಹಾಡೋರು ದಾರಿ ತಪ್ಪಬಾರದು ಅಂತ ಅದ, ಅಷ್ಟ," ಎಂದು ನನಗೆ ಹೇಳಿ, ಅದನ್ನೇ ಅವರಿಗೆ ಇಂಗ್ಲಿಷಿನಲ್ಲಿ ಇನ್ನೂ ನಿಷ್ಠುರವಾಗಿ ಹೇಳಿದರು.

ಫ್ಯಾನ್ ಆರಿಸಿದರು. ತಂಬೂರಿಯ ನಾದವನ್ನು ಮ್ಯಾನೇಜರರ ಹೆಡ್‌ಫೋನಿಗೆ ತುಂಬಿಸಿ, ಹಾಡು ಬದಿಗಿಡಿಸಿ, ಬರೀ 'ಸ' ಹಿಡಿಸಿದರು. ಕೆಟ್ಟು ನಿಂತ ಕಾರನ್ನು ದಿಬ್ಬ ಹತ್ತಿಸುವವರಂತೆ ಮ್ಯಾನೇಜರ್ ದನಿಯನ್ನು ತಳ್ಳಿದರು. ಡ್ರಮ್ಮರ್ ನೆಮ್ಮದಿಯಿಂದ ಕಾಫಿ ಕುಡಿದ. ಅದೆಷ್ಟೋ ಹೊತ್ತಿಗೆ ದನಿ ಹೋಗಿ ನಾದಕ್ಕೆ ಅಂಟಿಕೊಂಡಿತು. ಅವರಿಗೇ ಗಾಬರಿಯಾಗಿ ನಿಲ್ಲಿಸಹೊರಟರೆ ಆಂಟಿ ಕನ್ನಡದಲ್ಲೇ ಗದರಿದರು: "ನಿಲ್ಲಿಸಬ್ಯಾಡ." ಮ್ಯಾನೇಜರ್ ಅರ್ಥವಾದವರಂತೆ ಮುಂದುವರಿಸಿದರು.

ಆಮೇಲೆ ಹಾಡು. ನಾಳೆ ಕೆಫೆಟೇರಿಯಾಕ್ಕೆ ಏನಾದರೂ ಸಿಕ್ಕೀತೆಂದು ಕಿವಿ ನಿಮಿರಿಸಿ ಕೂತಿದ್ದ ನನಗೆ ಅಣಕಿಸಲು ಎಲ್ಲೂ ಹಿಡಿ ಸಿಗಲಿಲ್ಲ. ಸಣ್ಣ ನಷ್ಟವೇನಲ್ಲ ಅದು. ಡ್ರಮ್ಮರ್ ಟೇಪನ್ನು ಹಿಂದಕ್ಕೆ ಓಡಿಸಿ, ಮ್ಯಾನೇಜರ್ ಸದಾ ಜಾರುವ ಆ ಜಾಗವನ್ನೇ ಮತ್ತೆ ಕೇಳಿದ. ದನಿ ಜಾರಿರಲಿಲ್ಲ.

"ನೀನೇ ಹಾಡು ಮಾರಾಯ," ಎಂದು ತನ್ನ ಭಾಷೆಯಲ್ಲಿ ಹೇಳಿ ಡ್ರಮ್ಮಿನ ಕೋಲು ಕೈಗೆತ್ತಿಕೊಂಡ.

ಮೀಟಿಂಗುಗಳಲ್ಲಿ ಮಾತು ನಿಲ್ಲಿಸದ ಮ್ಯಾನೇಜರ್ ಬಗ್ಗಿ ವೈರು ಸುತ್ತತೊಡಗಿದರು, ಸುತ್ತಬೇಕಾದ ವೈರು ಯಾವುದೂ ಇಲ್ಲದಿದ್ದರೂ. ಆಂಟಿ ನನ್ನ ಕಿವಿಯಲ್ಲಿ, "ಪಂಚಮ ಇನ್ನೂ ಅಲಗಾಡ್ತದ. ಭಾನುವಾರ ಬರಲಿಕ್ಕ ಹೇಳು," ಎಂದರು. ನಾನು ಭಾನುವಾರದ ಮಾತನ್ನಷ್ಟೇ ಮ್ಯಾನೇಜರಿಗೆ ದಾಟಿಸಿದೆ.