ಅಕ್ಕನನ್ನು ಯಾರೂ ಕೇಳಲಿಲ್ಲ

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಬೈಲಹೊಂಗಲದ ನನ್ನ ಹೊಲಿಗೆ ಕ್ಲಾಸಿಗೆ ಅಕ್ಕ ಸಂಪಗಾಂವದಿಂದ ಬಂದಳು. ಹುಡುಗಿಯರೆಲ್ಲ ಮನೆಗೆ ಹೋಗುವವರೆಗೂ ಬಾಗಿಲ ಹತ್ತಿರ ನಿಂತೇ ಇದ್ದಳು, ಕೂರಲಿಲ್ಲ. ಆಮೇಲೆ ಕೇಳಿದಳು: "ದಪ್ಪ ಅರಿವಿದು ಒಂದ ಲಂಗೋಟಿ ಹೊಲದ ಕೊಡ್ತೀಯೇನ? ಬಿಗಿ ಇರಬೇಕ ನೋಡ."

"ಯಾರಿಗಿ?"

"ನನಗ. ಮೈ ಹೊರಗ ಬರಾಕತ್ತೈತಿ."

ಕಡೆಯ ಮಗಳು ಹುಟ್ಟಿದಾಗಿನಿಂದ ಹಾಗಂತೆ. ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ ಹೊತ್ತಿದ್ದಳು, ಮೇವಿನ ಹೊರೆ ಹೊತ್ತಿದ್ದಳು. ಹೊತ್ತು ಏರಿದಂತೆ ಕೆಳಗೆ ಉಂಡೆಯಂಥದ್ದು ಜಾರಿ ಬರುತ್ತಿತ್ತು. ಬದುವಿನ ಮರೆಯಲ್ಲಿ ಕುಳಿತು ಅದನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡು ಮತ್ತೆ ಕಳೆ ತೆಗೆಯಲು ಹೋಗುತ್ತಿದ್ದಳು. ಮೂತ್ರ ಪೂರ್ತಿ ಹೋಗುತ್ತಿರಲಿಲ್ಲ, ಕೆಮ್ಮಿದರೆ ತಡೆಯುತ್ತಿರಲಿಲ್ಲ. ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ.

ಲಂಗೋಟಿ ಹೊಲಿಯಲು ನಾನು ಒಪ್ಪಲಿಲ್ಲ. ಅಕ್ಕನ ಗಂಡನಿಗೆ, ನಾನು ಮಾಮಾ ಅನ್ನುತ್ತಿದ್ದವರಿಗೆ, ನಾನೇ ಹೇಳಿದೆ. ಅವರು ಅವಳನ್ನು ನಮ್ಮೂರಿನ ಒಂದು ನರ್ಸಿಂಗ್ ಹೋಮಿಗೆ ತೋರಿಸಿದರು. ಡಾಕ್ಟರು ನೋಡಿದ್ದು ಒಂದು ಗಳಿಗೆ. ಕೈ ತೊಳೆದು ಬಂದು ಮಾಮಾನ ಎದುರು ಕುಳಿತರು.

"ಮಕ್ಕಳ ಆಗ್ಯಾವಲ್ರಿ? ಮತ್ತ ಗರ್ಭಚೀಲ ಇಟಗೊಂಡ ಏನ ಮಾಡ್ತೀರಿ? ತಗದಬಿಡೂಣು."

"ಮಾಡ್ರಿ ಸಾಹೇಬ್ರ," ಅಂದರು ಮಾಮಾ.

ಅಕ್ಕ ಇನ್ನೂ ಪರದೆಯ ಹಿಂದೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅವಳಿಗೆ ಮೂವತ್ತೈದೂ ತುಂಬಿರಲಿಲ್ಲ. ಅವಳು ಹೊರಗೆ ಬರುವಷ್ಟರಲ್ಲಿ ಅವಳ ಮೈಯ ವಿಷಯ ಇಬ್ಬರು ಗಂಡಸರ ನಡುವೆ ತೀರ್ಮಾನವಾಗಿಹೋಗಿತ್ತು.

ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದರು. ಒಂದೆರಡು ವರ್ಷ ಕಳೆಯುವುದರಲ್ಲಿ ಮತ್ತೆ ಉಂಡೆ ಇಳಿಯಿತು, ಮೊದಲಿಗಿಂತ ದೊಡ್ಡದಾಗಿ. ಅದೇ ಡಾಕ್ಟರು ಈ ಸಲ ಮುಟ್ಟಿಯೂ ನೋಡಲಿಲ್ಲ. "ಚೀಲನ ಇಲ್ಲ, ಇನ್ನ ಜಾರಾಕ ಏನೈತಿ? ಮನಸಿನ ರೋಗ ಇದು," ಅಂದರು. ಮನೆಯವರಿಗೆ ಅಷ್ಟೇ ಸಾಕಾಯಿತು. ಅವಳು ಸೊಂಟ ಹಿಡಿದು ಕುಳಿತರೆ, "ಬಂತ ನೋಡ ಮನಸಿನ ರೋಗ" ಎಂದು ನಗುತ್ತಿದ್ದರು. ಬಟ್ಟೆ ವಾಸನೆ ಬಂದೀತೆಂದು ಅಕ್ಕ ಮದುವೆ, ಸೀಮಂತಗಳಿಗೆ ಹೋಗುವುದನ್ನೇ ಬಿಟ್ಟಳು.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ಒಂದು ದಿನ ಅವಳನ್ನು ಹಟಮಾಡಿ ಧಾರವಾಡದ ಬಸ್ಸು ಹತ್ತಿಸಿದೆ. ಮಾಮಾನೂ ಬಂದರು, ಹೆಂಡತಿಯ ಕಾಳಜಿಗಲ್ಲ, ನಾನು ಅಲ್ಲಿ ಏನು ಮಾತಾಡಿಬಿಡುತ್ತೇನೋ ಎಂದು. ಅಲ್ಲಿನ ಡಾಕ್ಟರು ಹೆಂಗಸು. ಅಕ್ಕನನ್ನು ಮಲಗಿಸಿ ನೋಡಿದರು, ನಿಲ್ಲಿಸಿ ಕೆಮ್ಮಿಸಿ ನೋಡಿದರು. ಆಮೇಲೆ ನಮ್ಮಿಬ್ಬರನ್ನು ಬಿಟ್ಟು ಅಕ್ಕನ ಮುಖವನ್ನೇ ನೋಡಿ ಮಾತಾಡಿದರು.

"ನಿಮಗ ಮನಸಿನ ರೋಗ ಇಲ್ರಿ. ಮೂತ್ರಚೀಲ ಕೆಳಗ ಜೋತ ಬಿದ್ದೈತಿ. ಯೋನಿಯ ಮ್ಯಾಲಿನ ತುದಿನೂ ಇಳದೈತಿ. ಚೀಲ ತಗದಾಗ ಆ ತುದಿನ ಎಲ್ಲೂ ಬಿಗಿಯಾಗಿ ಕಟ್ಟಿದಂಗ ಕಾಣೂದಿಲ್ಲ."

"ಗರ್ಭಚೀಲ ತಗಿಯೂದ ಬೇಕಿತ್ತೇನ್ರಿ ಬಾಯಾರ?" ಎಂದು ನಾನು ಕೇಳಿದೆ.

"ಆವಾಗ ನಾ ನೋಡಿಲ್ಲ. ಆದ್ರ ಅದನ್ನ ಉಳಿಸಿ ಮ್ಯಾಲ ಎತ್ತಿ ಕಟ್ಟೂ ಆಪರೇಶನ್ನೂ ಇದ್ವು. ಇವರನ್ನ ಕೇಳಬೇಕಿತ್ತು."

ಡಾಕ್ಟರು ನಿಧಾನವಾಗಿ ದಾರಿಗಳನ್ನು ಬಿಡಿಸಿ ಹೇಳಿದರು. ಆಪರೇಶನ್ ಬೇಡವೆಂದರೆ ಒಳಗೆ ರಬ್ಬರಿನ ಉಂಗುರ ಇಡಬಹುದು, ಆಗಾಗ ತೆಗೆದು ತೊಳೆಯಬೇಕು. ಕೆಳಗಿನಿಂದಲೇ ಹೋಗಿ ಮೂತ್ರಚೀಲದ ಕೆಳಗಿನ ಗೋಡೆ ಬಿಗಿಮಾಡಿ, ಮೇಲಿನ ತುದಿಯನ್ನು ಒಳಗಿನ ಗಟ್ಟಿ ನಾರಿಗೆ ಹೊಲಿಯಬಹುದು. ಹೊಟ್ಟೆ ತೆರೆದು, ಜಾಳಿಗೆಯ ಪಟ್ಟಿಯಿಂದ ತುದಿಯನ್ನು ಬೆನ್ನೆಲುಬಿನ ಕೆಳಭಾಗಕ್ಕೆ ಕಟ್ಟಬಹುದು. ಅದು ದೊಡ್ಡ ಆಪರೇಶನ್. ವಯಸ್ಸಾದ ಕೆಲವರಿಗೆ ಯೋನಿಯನ್ನೇ ಮುಚ್ಚಿ ಹೊಲಿಯುವುದೂ ಉಂಟು, ಆಮೇಲೆ ಗಂಡಹೆಂಡಿರ ಸಂಬಂಧ ಇರುವುದಿಲ್ಲ. ಯಾವುದು ಮಾಡಿದರೂ ಮತ್ತೆ ಜಾರುವುದೇ ಇಲ್ಲ ಎಂದು ಮಾತು ಕೊಡಲಾಗುವುದಿಲ್ಲ.

ಅಷ್ಟೂ ಹೊತ್ತು ಗೋಡೆ ನೋಡುತ್ತಿದ್ದ ಮಾಮಾ ತಟ್ಟನೆ ತಿರುಗಿದರು. "ಮುಚ್ಚೂದ ಬ್ಯಾಡ್ರಿ. ಅದೊಂದ ಬ್ಯಾಡ."

ಅಕ್ಕ ಅವರತ್ತ ನೋಡಿದಳು. ಮದುವೆಯಾದಾಗಿನಿಂದ ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಇಷ್ಟ ವರ್ಷ ನಾ ಹೆಂಗ ಉಚ್ಚಿ ಹೊಯ್ತೇನಿ ಅಂತ ಕೇಳಲಿಲ್ಲ ನೀವು. ಹೆಂಗ ಕುಂದರತೇನಿ ಕೇಳಲಿಲ್ಲ. ಈಗ ಬಾಯಿ ಬಂತೇನ್ರಿ? ಹೊರಗ ನಡೀರಿ."

ಮಾಮಾ ಎದ್ದು ಹೋದರು. ಅಕ್ಕ ಅತ್ತಳು, ಮೂಗು ಒರೆಸಿಕೊಂಡಳು, ಡಾಕ್ಟರಿಗೆ ಒಂದೊಂದಾಗಿ ಪ್ರಶ್ನೆ ಹಾಕಿದಳು: ನೋವು ಎಷ್ಟು, ಹೊಲಕ್ಕೆ ಯಾವಾಗ ಹೋಗಬಹುದು, ಹೊಟ್ಟೆ ಮತ್ತೆ ಕೊಯ್ಯಬೇಕೇ. ಕೊನೆಗೆ ಕೆಳಗಿನಿಂದ ಹೊಲಿಯುವುದನ್ನೇ ಆರಿಸಿಕೊಂಡಳು.

ಆಪರೇಶನ್ ಚೆನ್ನಾಗಿ ಆಯಿತು. ಕೆಲವು ದಿನ ಮೂತ್ರಕ್ಕೆ ನಳಿಗೆ ಹಾಕಿದ್ದರು. ಅದನ್ನು ತೆಗೆದ ಬೆಳಿಗ್ಗೆ ಪಾಯಖಾನೆಯಿಂದ ಹೊರಬಂದವಳು, "ಪೂರ್ತಿ ಹೋತ ತಂಗಿ, ಪೂರ್ತಿ" ಎಂದು ನನ್ನ ಕೈ ಹಿಡಿದಳು. ಕೆಲವು ತಿಂಗಳು ಭಾರ ಎತ್ತಬಾರದು ಎಂದಿದ್ದರು. ಹಾಗಾಗಿ ಮೊದಲಿಗೆ ನನ್ನ ಮನೆಯಲ್ಲಿಟ್ಟುಕೊಂಡೆ, ಆಮೇಲೆ ಸಂಪಗಾಂವಕ್ಕೆ ನಾನೇ ಬಿಟ್ಟುಬಂದೆ. ಅಲ್ಲಿ ಅವಳು ಕೊಡ ಮುಟ್ಟಲಿಲ್ಲ. ಬೇರೆ ದಾರಿ ಕಾಣದೆ ಮಾಮಾ ಸೈಕಲ್ಲಿಗೆ ಕೊಡ ಕಟ್ಟಿ ನೀರು ತಂದರು.

ಮುಂದಿನ ಸಲ ನಾನು ಹೋದಾಗ ಓಣಿಯವರೆಲ್ಲ ಅದನ್ನೇ ಹೇಳಿದರು. "ನಿಮ್ಮಕ್ಕ ಪುಣ್ಯಾ ಮಾಡ್ಯಾಳ್ರಿ. ಎಂಥಾ ಗಂಡ! ಹೆಂಡ್ತಿ ಸಲುವಾಗಿ ನೀರ ತರ್ತಾನ."

ಮೈಯೆಲ್ಲ ಉರಿಯಿತು. ಅವರು ಕೊಟ್ಟ ಚಹಾ ಕುಡಿಯದೆ ಎದ್ದುಬಂದೆ.