ಹುಣಸೆಹಣ್ಣಿನಲ್ಲಿ ತೊಳೆದ ಗಾಜಿನ ಹೂಜಿ

ಮಗಳ ಬಾಣಂತನಕ್ಕೆಂದು ನಾನು ಹ್ಯೂಸ್ಟನ್‌ಗೆ ಹೋದದ್ದು ಎಪ್ಪತ್ತರ ದಶಕದಲ್ಲಿ. ಮಗಳು, ಅಳಿಯ ಇಬ್ಬರೂ ಆಗ ಓದುತ್ತಿದ್ದರು. ಒಬ್ಬ ವಿಧವೆಯ ಮನೆಯ ಹಿಂದೆ, ಕಾರ್ ಶೆಡ್ಡಿನ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ಯೂನಿವರ್ಸಿಟಿಗೆ ನಡೆದು ಹೋಗುವಷ್ಟು ಹತ್ತಿರ ಅವರ ಕೈಗೆಟಕುವ ಮನೆ ಇನ್ನೊಂದಿರಲಿಲ್ಲ.

ಮನೆಯೊಡತಿ ತಂಗಿಯನ್ನು ನೋಡಲು ಡಲ್ಲಾಸ್‌ಗೆ ಹೊರಟಾಗ, ಒಳಗಿನ ಗಿಡಗಳಿಗೆ ನೀರು ಹಾಕಿ ಎಂದು ತನ್ನ ಮನೆಯ ಬೀಗದ ಕೈ ಕೊಟ್ಟಳು. ಮಗಳಿಗೆ ಎಂಟು ತಿಂಗಳು, ನಾನೇ ಹೋದೆ. ಕಿಟಕಿಯ ಪಕ್ಕದ ಕಪಾಟಿನಲ್ಲಿ ಆರು ಗಾಜಿನ ಹೂಜಿಗಳಿದ್ದವು. ಒಂದೂ ನೆಟ್ಟಗಿಲ್ಲ. ಸೊಟ್ಟ ಹೊಟ್ಟೆ, ಕತ್ತಿಗೆ ಸುತ್ತಿದ ಗಾಜಿನ ದಾರ, ಮೈತುಂಬ ಹಾವಿನ ಪೊರೆಯಂಥ ಕೊಳೆ. ಗಂಡ ಸತ್ತ ಮೇಲೆ ತೊಳೆಯುವವರಿಲ್ಲ ಎಂದುಕೊಂಡೆ. ಮೆಕ್ಸಿಕನ್ ಅಂಗಡಿಯಿಂದ ತಂದ ಹುಣಸೆಹಣ್ಣಿತ್ತು. ಒಂದು ಹೂಜಿಯನ್ನು ನಮ್ಮ ಕೋಣೆಗೆ ತಂದು, ಹಣ್ಣು ನೆನೆಸಿ, ಹಿತ್ತಾಳೆ ಚೆಂಬು ಬೆಳಗುವ ಹಾಗೆ ಉಜ್ಜಿದೆ.

ಪೊರೆ ಎದ್ದು ಬಂತು. ಬೋಗುಣಿಯ ನೀರಿನಲ್ಲಿ ನೇರಳೆ, ಹಸಿರು, ಬಂಗಾರದ ಬಣ್ಣಗಳು ತೇಲಿದವು. ಕೈಯಲ್ಲುಳಿದದ್ದು ಸೋಡಾ ಬಾಟಲಿಯಂಥ ತಿಳಿ ಹಸಿರು ಗಾಜು. ಕೊಳೆಗೆ ಇಷ್ಟು ಬಣ್ಣವಿರುವುದಿಲ್ಲ ಎಂದು ಹೊಳೆದಾಗ ಕೈ ನಿಂತಿತು.

ಮಗಳು ನೋಡಿ ಹೂಜಿಯನ್ನು ನನ್ನ ಕೈಯಿಂದ ಕಸಿದುಕೊಂಡಳು. "ಅಯ್ಯೋ ಅಮ್ಮಾ, ಏನ್ ಮಾಡ್ಬಿಟ್ಟೆ? ಅದು ರೋಮನ್ನರ ಕಾಲದ್ದು. ಅವರ ಯಜಮಾನ್ರು ಸಿರಿಯಾದಲ್ಲಿ ಕೆಲಸದಲ್ಲಿದ್ದಾಗ ತಂದಿದ್ದು. ಸಾವಿರದೈನೂರು ವರ್ಷ ಮಣ್ಣಲ್ಲಿದ್ದು ಬಂದ ಬಣ್ಣ ಅದು!"

"ಮಣ್ಣಲ್ಲಿದ್ದದ್ದನ್ನ ತೊಳೀದೆ ಯಾರಾದ್ರೂ ಇಡ್ತಾರೇನೇ?"

"ಅವರು ಮನೆ ಬಿಡಿ ಅಂದ್ರೆ ಈ ಹೊಟ್ಟೆ ಹೊತ್ಕೊಂಡು ಎಲ್ಲಿಗ್ ಹೋಗ್ಲಿ?"



ಮನೆಯೊಡತಿ ಬರಲು ಇನ್ನೂ ನಾಲ್ಕು ದಿನವಿತ್ತು. ಅಂಗಳಕ್ಕೆ ಕಾರು ತಿರುಗಿದ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಅಳಿಯ, "ಹಿಂದಕ್ಕೆ ತಿರುಗಿಸಿಟ್ಬಿಡೋಣ ಅತ್ತೆ, ಅವರ ಕಣ್ಣು ಮಂಜು" ಎಂದ. ಹೂಜಿಗೆ ಹಿಂದು ಮುಂದು ಎಲ್ಲಿ? ತೊಳೆದ ನೀರನ್ನು ಚೆಲ್ಲಿರಲಿಲ್ಲ. ಬಟ್ಟೆಯಲ್ಲಿ ಸೋಸಿ, ಪೊರೆಯ ಚೂರುಗಳನ್ನು ಮಾತ್ರೆ ಡಬ್ಬಿಗೆ ತುಂಬಿಟ್ಟೆ. ಏಕೆಂದು ಕೇಳಿದರೆ ಗೊತ್ತಿಲ್ಲ.

ಆಕೆ ಬಂದ ದಿನ ಹೂಜಿ, ಡಬ್ಬಿ ಎರಡನ್ನೂ ಹಿಡಿದು ನಾನೇ ಹೋದೆ. ಇಂಗ್ಲಿಷಿಗೆಂದು ಮಗಳು ಹಿಂದೆ. ಆಕೆ ಎರಡೇ ಪ್ರಶ್ನೆ ಕೇಳಿದಳು. ಯಾವುದರಲ್ಲಿ ತೊಳೆದೆ? ಉಳಿದ ಐದು? ಹುಣಸೆಹಣ್ಣಿನಲ್ಲಿ, ಉಳಿದವನ್ನು ಮುಟ್ಟಿಲ್ಲ ಎಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹೂಜಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆಗೆ ಕೈ ಚಾಚಿದಳು. ಹೊಡೆಯುತ್ತಾಳೇನೋ ಎಂದುಕೊಂಡೆ. ಆಕೆಗೆ ಬೇಕಿದ್ದದ್ದು ಬೀಗದ ಕೈ. ಕೊಟ್ಟೆ.

ಮನೆಯ ವಿಚಾರ ಮಗಳೇ ಬಾಯಿಬಿಟ್ಟು ಕೇಳಿದಳು. ಮನೆಗೇನಾಯಿತು, ಇರಿ ಎಂದು ಆಕೆ ಅಂದಳಂತೆ. ನನ್ನ ಮುಖ ಮಾತ್ರ ನೋಡಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಮೊಮ್ಮಗಳು ಹುಟ್ಟಿ ಹತ್ತು ದಿನವಾಗಿತ್ತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದೆ. ಮನೆಯೊಡತಿ ಕೂಸಿಗೆಂದು ಹೊದಿಕೆಯೊಂದನ್ನು ತಂದು ಬಾಗಿಲಲ್ಲಿ ನಿಂತಳು. ನನ್ನ ಕೈಯನ್ನೇ ನೋಡುತ್ತ ಏನೋ ಅಂದಳು.

"ಏನಂತೆ?"

ಮಗಳು ನಗು ತಡೆದುಕೊಂಡು, "ಮೆತ್ತಗೆ ಉಜ್ಜಬೇಕಂತೆ ಅಮ್ಮ" ಎಂದಳು.

"ಇದರ ಬಣ್ಣ ಹೋಗಲ್ಲ ಅನ್ನು" ಎಂದೆ. ಆದರೂ ಕೈ ಹಗುರ ಮಾಡಿದೆ.