ಪದ್ಮಯ್ಯನವರ ಬಲಗೈ ಮತ್ತೆ ಬಸ್ಸಿನ ಬಾಗಿಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಡುಬಿದಿರೆಯಿಂದ ಬಿ.ಸಿ.ರೋಡಿಗೆ ಹೊರಡುವ ಮೊದಲ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಪದ್ಮಯ್ಯ ನಿಂತಿದ್ದಾರೆ. ಮೈಮೇಲೆ ಖಾಕಿ ಅಂಗಿ, ಕಂಕುಳಲ್ಲಿ ಚೀಲ, ಬಾಯಲ್ಲಿ ಊರುಗಳ ಹೆಸರು. ಕೊನೆಯವರು ಹತ್ತಿದ ಮೇಲೆ ಬಸ್ಸಿನ ಮೈಗೆ ಬಲಗೈಯಿಂದ ಎರಡು ಪೆಟ್ಟು. ಡ್ರೈವರ್ ಹನೀಫಾ ಹಿಂದೆ ತಿರುಗಿಯೂ ನೋಡದೆ ಗಾಡಿ ಬಿಡುತ್ತಾರೆ. ಎರಡು ಪೆಟ್ಟೆಂದರೆ ಹೋಗು, ಒಂದೆಂದರೆ ನಿಲ್ಲಿಸು. ಇಷ್ಟು ವರ್ಷಗಳಲ್ಲಿ ಇಬ್ಬರಿಗೂ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಿಲ್ಲ.

ಆ ಕೈ ಕಳೆದ ವರ್ಷ ಪದ್ಮಯ್ಯನವರ ಮಾತು ಕೇಳುವುದನ್ನೇ ಬಿಟ್ಟಿತ್ತು. ಸಿದ್ಧಕಟ್ಟೆಯ ಆಚೆ, ಇಳಿಯುವವರೂ ಹತ್ತುವವರೂ ಇಲ್ಲದ ತಿರುವಿನಲ್ಲಿ ತಾನಾಗಿ ಹಾರಿ ಬಸ್ಸಿಗೆ ಬಡಿಯಿತು. ಹನೀಫಾ ನಿಲ್ಲಿಸಿದರು. ಮತ್ತೆರಡು ಸಲ ಬಡಿಯಿತು, ಹೊರಟರು. ಸ್ವಲ್ಪ ಮುಂದೆ ಹೋಗಿ ಪುನಃ ನಿಲ್ಲಿಸಿದರು. ಬಸ್ಸಿನಲ್ಲಿದ್ದವರಿಗೆ ನಗುವೋ ನಗು. ಬೆಳಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಎಂದು ಯಾರೋ ತೀರ್ಪನ್ನೂ ಕೊಟ್ಟರು. ಚಹಾ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ ಪದ್ಮಯ್ಯ.

ನಗು ಬಂಟ್ವಾಳದವರೆಗೆ ಉಳಿಯಲಿಲ್ಲ. ನೂಕುನುಗ್ಗಲಿನಲ್ಲಿ ಅದೇ ಕೈ ಸಜ್ನಾ ಎಂಬ ಗರ್ಭಿಣಿಯ ಭುಜಕ್ಕೆ ಬೀಸಿ ಬಡಿಯಿತು. ಅವರು ಅಳುತ್ತಾ ಇಳಿದರು. ಬೇಕೆಂದೇ ಕೈ ಮಾಡಿದ್ದಾನೆ ಎಂಬ ಸುದ್ದಿ ಬಸ್ಸಿಗಿಂತ ಮೊದಲೇ ಬಿ.ಸಿ.ರೋಡ್ ತಲುಪಿತು. ಮಾಲಕರು ಮನೆಯಲ್ಲಿರಲು ಹೇಳಿದರು.

"ಕೆಲಸ ಹೋದದ್ದು ದೊಡ್ಡದಲ್ಲ ಸಾರ್. ಹೆಂಗಸರು ಧೈರ್ಯದಲ್ಲಿ ಹತ್ತುವ ಬಸ್ಸು ಅಂತ ನಮ್ಮದಕ್ಕೆ ಒಂದು ಹೆಸರು ಉಂಟಲ್ಲ, ಅದು ಹೋಯಿತಲ್ಲ ಅಂತ ಬೇಜಾರು," ಎನ್ನುತ್ತಾರೆ ಪದ್ಮಯ್ಯ.

ಮನೆಯಲ್ಲಿ ಇನ್ನೊಂದು ಪೇಚು. ಎಚ್ಚರವಿರುವಷ್ಟು ಹೊತ್ತು ಪಾತ್ರೆ, ಗೋಡೆ ಎನ್ನದೆ ಬೀಸುವ ಕೈ, ನಿದ್ದೆ ಬಂದರೆ ತೆಪ್ಪಗಿರುತ್ತಿತ್ತು. ಹಾಗಾದರೆ ಇದು ನಾಟಕವೇ ಎಂದರು ನೆಂಟರು. ಪತ್ನಿ ಲೋಲಾಕ್ಷಿಯವರಿಗೂ ಒಂದು ಗಳಿಗೆ ಸಂಶಯ ಬಂದಿತ್ತಂತೆ. ಅದನ್ನು ಹೇಳುವಾಗ ಈಗಲೂ ಅವರ ತಲೆ ತಗ್ಗುತ್ತದೆ. ಹಠ ಹಿಡಿದವರು ಹನೀಫಾ ಒಬ್ಬರೇ.

"ಪದ್ಮಣ್ಣನ ಪೆಟ್ಟು ನನಗೆ ಗೊತ್ತಿಲ್ವಾ? ಅದು ಅವರು ಹೊಡೆದದ್ದೇ ಅಲ್ಲ ಮಾರಾಯ್ರೆ," ಎಂದವರೇ ರಜೆ ಹಾಕಿ, ಮಂಗಳೂರಿನ ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದರು.

ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ಮಿದುಳಿನ ಎಡಭಾಗದ ಆಳದಲ್ಲಿ, ಕೈಕಾಲಿನ ಚಲನೆಯನ್ನು ಹಿಡಿತದಲ್ಲಿಡುವ ಜಾಗಕ್ಕೆ ರಕ್ತ ಒಯ್ಯುವ ಪುಟ್ಟ ನಾಳವೊಂದು ಕಟ್ಟಿಕೊಂಡಿತ್ತು. ಹಾಗಾಗಿ ಬಲಗೈ ಹತೋಟಿ ತಪ್ಪಿತ್ತು. ನಿದ್ದೆಯಲ್ಲಿ ಅಡಗುವುದು ಈ ಕಾಯಿಲೆಯ ಸ್ವಭಾವವೇ ಎಂದು ವೈದ್ಯರು ಹೇಳಿದಾಗ ಲೋಲಾಕ್ಷಿ ಅತ್ತರು, ಪದ್ಮಯ್ಯ ನಕ್ಕರು. ಮಿದುಳಿಗೆ ಪೆಟ್ಟಾಗಿದೆ ಎಂದು ಕೇಳಿ ಹಾಯೆನಿಸಿದ ರೋಗಿ ಆ ಆಸ್ಪತ್ರೆಯಲ್ಲಿ ಅವರೊಬ್ಬರೇ ಇರಬೇಕು.

ರಕ್ತದೊತ್ತಡಕ್ಕೂ ಕೈಯ ಆಟ ತಗ್ಗಿಸುವುದಕ್ಕೂ ಮಾತ್ರೆ ಶುರುವಾಯಿತು. ವಾರಗಳು ಕಳೆದಂತೆ ಬೀಸುವುದು ಕಡಿಮೆಯಾಗುತ್ತಾ ಬಂದು, ಬೆರಳ ತುದಿಯಲ್ಲಿ ಕೆಲವು ದಿನ ಕುಣಿದು, ಒಂದು ಬೆಳಗ್ಗೆ ನಿಂತೇ ಹೋಯಿತು. ಕೆಲಸಕ್ಕೆ ಹೋಗಬಹುದೆಂದು ವೈದ್ಯರು ಒಪ್ಪಿದರು. ಮಾಲಕರನ್ನು ಹನೀಫಾ ಒಪ್ಪಿಸಿದರು. ಒಪ್ಪದೆ ಉಳಿದವರು ಪದ್ಮಯ್ಯನವರೇ. ಕೆಲಸಕ್ಕೆ ಮರಳಿದರೂ ಹೆಂಗಸರಿಗೆ ಟಿಕೆಟ್ ಕೊಡುವಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು.

ಹಾಗಿರುವಾಗ ಒಂದು ದಿನ ಬಂಟ್ವಾಳದಲ್ಲಿ ಸಜ್ನಾ ಕಂಡರು. ಹೆಗಲಲ್ಲಿ ಮಲಗಿದ ಕೂಸು, ಕೈಯಲ್ಲಿ ಭಾರದ ಚೀಲ. ಮೊದಲಾಗಿದ್ದರೆ ಕೂಸನ್ನು ತಾನು ಎತ್ತಿಕೊಂಡು ತಾಯಿಯನ್ನು ಹತ್ತಿಸುವುದು ಪದ್ಮಯ್ಯನವರ ರೂಢಿ. ಅಂದು ಅವರು ಬದಿಗೆ ಸರಿದು ನಿಂತರು. ಸಜ್ನಾ ಹತ್ತಲಿಲ್ಲ. ಹನೀಫಾ ನಮ್ಮ ಮನೆಗೆ ಬಂದು ನಿಮ್ಮ ಕಾಯಿಲೆಯ ವಿಷಯ ಎಲ್ಲ ಹೇಳಿದ್ದಾರೆ ಎಂದರು. ಮತ್ತೆ, "ಹಿಡ್ಕೊಳ್ಳಿ ಅಣ್ಣಾ," ಎಂದು ಕೂಸನ್ನು ಮೇಲಕ್ಕೆ ಚಾಚಿದರು.

"ಹಿಡಿದೆ. ಅವರು ಹತ್ತಿ ಕೂತರೂ ಕೊಡಲಿಕ್ಕೆ ನನಗೆ ನೆನಪಾಗಲಿಲ್ಲ," ಎನ್ನುತ್ತಾರೆ ಪದ್ಮಯ್ಯ. ಮತ್ತೆ ಸೇರಿಸುತ್ತಾರೆ: "ಕೂಸಿಗೆ ಎಚ್ಚರವೇ ಆಗಲಿಲ್ಲ ಸಾರ್."